ಅತ್ತೆಯ ಕಾರು ಎರಡನೇ ಪ್ಲಾಟ್‌ಫಾರ್ಮಿಗೆ ಬಂದದ್ದು

ಗಣಿಯ ಹಣ ಊರಿನಲ್ಲಿ ಹರಿದಾಡುತ್ತಿದ್ದ ಆ ವರ್ಷಗಳಲ್ಲಿ ಹೊಸಪೇಟೆಯ ಮನೆಗಳಿಗೆ ವಸ್ತುಗಳು ಮೊದಲು ಬರುತ್ತಿದ್ದವು, ಅವು ಯಾತಕ್ಕೆ ಎಂಬುದು ಆಮೇಲೆ ತಿಳಿಯುತ್ತಿತ್ತು. ನಮ್ಮ ಪಕ್ಕದ ಮನೆಯವರು ಬಟ್ಟೆ ಒಗೆಯುವ ಯಂತ್ರ ತಂದು ಅದರೊಳಗೆ ಬಹಳ ದಿನ ಜೋಳ ತುಂಬಿಟ್ಟಿದ್ದರು. ನಗುವ ಹಕ್ಕು ನನಗಿಲ್ಲ. ನಮ್ಮ ಮನೆಗೂ ಒಂದು ಬಿಳಿ ಕಂಪ್ಯೂಟರ್ ಬಂತು, ಅದು ತಂದ ಗೊಂದಲದಿಂದ ನಾನು ಇಂದಿಗೂ ಪೂರ್ತಿ ಹೊರಬಂದಿಲ್ಲ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು ನಾನು. ಎಂಥ ಸಮಾಸವನ್ನಾದರೂ ಬಿಡಿಸಬಲ್ಲೆ. ಆದರೆ ಒಂದು ಕಂಪ್ಯೂಟರಿನಲ್ಲಿ ಸಲೀಸಾಗಿ ಓಡುವ ಕಾರು ಇನ್ನೊಂದು ಕಂಪ್ಯೂಟರಿನಲ್ಲಿ ಏಕೆ ಓಡುವುದಿಲ್ಲ ಎಂದು ಯಾರಾದರೂ ಕೇಳಿದರೆ ಒಲೆಯ ಮೇಲೆ ಹಾಲಿಟ್ಟ ನೆಪ ಹೇಳಿ ಒಳಗೆ ಹೋಗುತ್ತೇನೆ.

ಕಾರು ನಮ್ಮ ಅತ್ತೆಯದು. ಅಂದರೆ ಆಟದೊಳಗಿನ ಕಾರು. ಅತ್ತೆ ಕಂಪ್ಲಿಯ ಅಕ್ಕಿ ಗಿರಣಿ ಮನೆಯ ಮಗಳು. ಚಿಕ್ಕಂದಿನಲ್ಲಿ ಗಿರಣಿಯ ಲಾರಿಯಲ್ಲಿ ಡ್ರೈವರಿನ ಪಕ್ಕ ಕುಳಿತು ಗಂಗಾವತಿಗೆ ಹೋಗಿಬಂದವರು. ನಾನೂ ಓಡಿಸುತ್ತೇನೆ ಎಂದಾಗ ಅವರ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಮಾವ ತೀರಿಕೊಂಡ ಮೇಲೆ ಅವರು ಮಾತನ್ನೇ ಕಡಿಮೆ ಮಾಡಿದ್ದರು. ಊಟಕ್ಕೆ ಕರೆದರೆ ಬರುವುದು, ಕುಳಿತರೆ ಕುಳಿತೇ ಇರುವುದು. ಹಾಗಿರುವಾಗ ನಮ್ಮ ಹಳೆಯ ಕಂಪ್ಯೂಟರಿಗೆ ನನ್ನ ಗಂಡ ಯಾವುದೋ ಕಾರಿನ ಆಟ ಹಾಕಿದ್ದರು. ಅತ್ತೆ ಒಂದು ಮಧ್ಯಾಹ್ನ ಧೂಳು ಒರೆಸಲು ಹೋಗಿ ಯಾವ ಗುಂಡಿ ಒತ್ತಿದರೋ, ಕಾರು ಹೊರಟಿತು. ಅವತ್ತಿನಿಂದ ಆ ಕುರ್ಚಿ ಅವರದಾಯಿತು.

ಅವರು ಆಡುವ ಕ್ರಮವೇ ಬೇರೆ. ಪಂದ್ಯದಲ್ಲಿ ಹಿಂದಿನಿಂದ ಯಾರಾದರೂ ಬಂದರೆ ಬದಿಗೆ ಸರಿದು "ಹೋಗಪಾ, ಏನ್ ಅವಸರ ಐತೋ ನಿನಗ" ಎಂದು ದಾರಿ ಬಿಡುತ್ತಿದ್ದರು. ತಿರುವಿನಲ್ಲಿ ಮೈಯನ್ನೂ ಜೊತೆಗೇ ವಾಲಿಸುತ್ತಿದ್ದರು. ಎಲ್ಲರಿಗಿಂತ ಕೊನೆಗೆ ಮುಟ್ಟಿ, ಕಾರಿಗೆ ಒಂದು ಗೀರೂ ಬಿದ್ದಿಲ್ಲವೆಂದು ಬೀಗುತ್ತಿದ್ದರು. ಆಯುಧಪೂಜೆಯ ದಿನ ಕಂಪ್ಯೂಟರಿಗೆ ವಿಭೂತಿ ಬಳಿದು ಕೆಳಗೆ ನಿಂಬೆಹಣ್ಣು ಇಟ್ಟರು. ಕಾರು ಪರದೆಯೊಳಗಿರುವುದರಿಂದ ನಿಂಬೆಹಣ್ಣನ್ನು ಯಾವ ಚಕ್ರದ ಕೆಳಗೆ ಇಡಬೇಕೆಂದು ನನ್ನನ್ನು ಕೇಳಿದರು. ನನಗೇನು ಗೊತ್ತು?

ನನ್ನ ಮೈದುನ ಬಸವರಾಜನದು ಯಶವಂತನಗರದಲ್ಲಿ ಲಾರಿ ವ್ಯವಹಾರ. ಅದಿರು ಸಾಗಿಸಿ ನಾಲ್ಕು ಕಾಸು ಕಂಡವನೇ, ಅವ್ವನ ಮೇಲಿನ ಪ್ರೀತಿಯಿಂದ ಬೆಂಗಳೂರಿನಿಂದ ಆ ಬಿಳಿ ಕಂಪ್ಯೂಟರ್ ತಂದ. ನೋಡಲು ಕೆನೆ ಕಟ್ಟಿದ ಹಾಲಿನ ಹಾಗಿತ್ತು. "ಭಾಳ ಮಸ್ತ್ ಐತಿ ಅತ್ತಿಗೀ, ಫಾರಿನ್ನದಾಗ ಇದನ್ನ ಬಳಸ್ತಾರ" ಎಂದು ಹೇಳಿ, ಹಳೆಯದನ್ನು ಜೀಪಿಗೆ ಹಾಕಿಕೊಂಡು ತನ್ನ ಲಾರಿ ಆಫೀಸಿಗೆ ಒಯ್ದ. ಅತ್ತೆ ಕುರ್ಚಿಯಲ್ಲಿ ಕುಳಿತು ಹೊಸ ಯಂತ್ರವನ್ನು ಬಹಳ ಹೊತ್ತು ನೋಡಿದರು.

"ಸುಮಾ, ನನ್ನ ಕಾರ್ ಎಲ್ಲೈತವ್ವಾ?"

ಆಟದ ಹಳೆಯ ಸೀಡಿ ಹುಡುಕಿ ಹಾಕಿದೆ. ಅದನ್ನು ನುಂಗಿದ ಬಿಳಿ ಯಂತ್ರ ಸ್ವಲ್ಪ ಹೊತ್ತು ಗುಂಯ್‌ಗುಟ್ಟಿ, ಇದು ನನ್ನಿಂದಾಗದು ಎಂಬರ್ಥದ ಒಂದು ಇಂಗ್ಲಿಷ್ ವಾಕ್ಯ ತೋರಿಸಿತು. ಅತ್ತೆ ಎದ್ದು ಒಳಗೆ ಹೋದರು. ಅಂದು ಊಟಕ್ಕೆ ಕರೆದಾಗ ಬಂದರು, ಕುಳಿತರು, ಕುಳಿತೇ ಇದ್ದರು.

ಮರುದಿನ ಶಾಲೆ ಬಿಟ್ಟವಳೇ ಕಂಪ್ಯೂಟರ್ ಅಂಗಡಿಯ ವಿರೂಪಾಕ್ಷಿಯ ಮುಂದೆ ನಿಂತೆ. ಸೀಡಿಯನ್ನು ತಿರುಗಿಸಿ ನೋಡಿದ ಅವನು, "ಇದು ಆ ಪ್ಲಾಟ್‌ಫಾರ್ಮಿಗೆ ಬರಂಗಿಲ್ರಿ ಮೇಡಂ" ಎಂದ. ನನಗೆ ಗೊತ್ತಿದ್ದದ್ದು ಹೊಸಪೇಟೆ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ಮಾತ್ರ. ಅಲ್ಲಿ ಗಾಡಿ ಒಂದಕ್ಕೆ ಬರುತ್ತದೆ ಎನ್ನುತ್ತಾರೆ, ನಾವು ಗಂಟುಮೂಟೆ ಇಳಿಸಿಕೊಂಡು ಕುಳಿತ ಮೇಲೆ ಎರಡಕ್ಕೆ ಬರುತ್ತದೆ ಎನ್ನುತ್ತಾರೆ, ನಾವು ಮೆಟ್ಟಿಲು ಹತ್ತಿ ಓಡುತ್ತೇವೆ. "ಹಾಗಾದರೆ ನಾವೇ ಆ ಕಡೆ ಹೋಗಬೇಕೇನಪ್ಪ?" ಎಂದು ಕೇಳಿದೆ. ಅವನು ನನ್ನನ್ನು ಮರುಕದಿಂದ ನೋಡಿದ.

"ಹಂಗಲ್ರಿ. ಡೀಸೆಲ್ ಗಾಡಿಗೆ ಪೆಟ್ರೋಲ್ ಹಾಕಿದಂಗ ಇದು."

"ಹಾಗಾದರೆ ಸೀಡಿ ಪೆಟ್ರೋಲಾ?"

"ಸೀಡಿ ಗಾಡಿ ಅನ್ಕೋರಿ. ಅಲ್ಲಲ್ಲ, ಸೀಡಿ ರೋಡು." ಅವನೂ ತಲೆ ಕೆರೆದುಕೊಂಡ. "ನೀವು ಕನ್ನಡ ಮೇಡಂ ಅಲ್ರೀ? ಆಟ ಕನ್ನಡದಾಗ ಐತಿ, ಮಷೀನಿಗೆ ತೆಲುಗು ಅಷ್ಟ ಬರತೈತಿ ಅನ್ಕೋರಿ."

ಇದು ಅರ್ಥವಾಯಿತೆಂದು ತಲೆಯಾಡಿಸಿದೆ. ಬಾಗಿಲು ದಾಟುವಷ್ಟರಲ್ಲಿ ಮತ್ತೆ ಸಂಶಯ ಬಂತು. ನಮ್ಮ ಹೊಸಪೇಟೆಯಲ್ಲಿ ತೆಲುಗು ಬಲ್ಲವರಿಗೆಲ್ಲ ಅಷ್ಟಿಷ್ಟು ಕನ್ನಡವೂ ಬರುತ್ತದಲ್ಲ, ಇಷ್ಟು ಒಳ್ಳೆಯ ಯಂತ್ರಕ್ಕೆ ಏನು ದಾಡಿ? ತಿರುಗಿ ಹೋಗಿ ಕೇಳಿದರೆ ಅಂಗಡಿಯವನು ಬಾಗಿಲು ಮುಚ್ಚಿಯಾನೆಂದು ಸುಮ್ಮನಾದೆ. ಅವನೇ ಹಿಂದಿನಿಂದ ಕೂಗಿ ಸಮಾಧಾನ ಹೇಳಿದ. ಜನ ಮೆಚ್ಚಿದ ಆಟಗಳನ್ನೆಲ್ಲ ಕಂಪನಿಯವರು ಬಿಳಿ ಕಂಪ್ಯೂಟರಿಗೂ ತರುತ್ತಾರೆಂದು ಪೇಪರಿನಲ್ಲಿ ಬಂದಿದೆಯಂತೆ, ಕಾರಿನದೂ ಅದರಲ್ಲಿದೆಯಂತೆ, ಬಂದ ತಕ್ಷಣ ತರಿಸಿಕೊಡುತ್ತಾನಂತೆ.

ಮನೆಗೆ ಬಂದು ಅತ್ತೆಗೆ ಹೇಳಿದೆ: "ನಿಮ್ಮ ಕಾರು ಬರತೈತಂತ್ರಿ ಅತ್ತಿ." ಅವರು "ಎಲ್ಲಿಗೆ?" ಎಂದರು. ಎರಡನೇ ಪ್ಲಾಟ್‌ಫಾರ್ಮಿಗೆ ಎಂದು ಬಾಯಿಗೆ ಬಂದದ್ದನ್ನು ತಡೆದುಕೊಂಡೆ.

ಕಾಯುವ ಜಾಯಮಾನ ಅತ್ತೆಯದಲ್ಲ. ಒಂದು ಬೆಳಿಗ್ಗೆ ತಲೆ ಬಾಚಿ, ಹೊಸ ಇಳಕಲ್ ಸೀರೆ ಉಟ್ಟು ಪಡಸಾಲೆಯಲ್ಲಿ ನಿಂತಿದ್ದರು. "ಲೇ ಬಸ್ಯಾ, ನಿನ್ನ ಆಫೀಸ್ ನೋಡಬೇಕು, ನಡಿ" ಎಂದು ಜೀಪು ಹತ್ತಿದರು. ಸಂಜೆ ಬಂದಾಗ ಸೀರೆಯ ಅಂಚು, ಹುಬ್ಬು, ಚಪ್ಪಲಿ ಎಲ್ಲ ಅದಿರಿನ ಕೆಂಪು. ಮರುದಿನವೂ ಹೋದರು, ಅದರ ಮರುದಿನವೂ. ನನ್ನ ಗಂಡನನ್ನು ಕೇಳಿದರೆ "ಹೋಗಲಿ ಬಿಡು, ಗಾಳಿ ಆಡತೈತಿ" ಎಂದರು. ಯಶವಂತನಗರದ ಗಾಳಿ ಎಂಥದೆಂದು ನಮ್ಮ ಒಗೆಯುವ ಕಲ್ಲಿಗೆ ಗೊತ್ತು! ನನ್ನ ಮೇಲಿನ ಮುನಿಸಿನಿಂದಲೇ ಮನೆ ಬಿಟ್ಟು ಹೋಗುತ್ತಿದ್ದಾರೆ ಎಂದು ನಾನು ಒಳಗೊಳಗೇ ಕುಗ್ಗಿದೆ. ದಿನಾ ವಿರೂಪಾಕ್ಷಿಯ ಅಂಗಡಿಗೆ ಎಡತಾಕಿ ಅವನ ಜೀವ ಹಿಂಡಿದೆ. ನಾನು ರಸ್ತೆ ದಾಟುವುದು ಕಂಡರೆ ಅವನು ಒಳಗಿನಿಂದಲೇ "ಇನ್ನಾ ಬಂದಿಲ್ರೀ!" ಎನ್ನುತ್ತಿದ್ದ.

ಕೊನೆಗೂ ಬಂತು. ಅವನೇ ಮನೆಗೆ ಬಂದು ಹಾಕಿಕೊಟ್ಟ. ಅದೇ ಕಾರು, ಅದೇ ಗುಡ್ಡದ ರಸ್ತೆ, ಬಣ್ಣ ಮಾತ್ರ ಇನ್ನೂ ಹೊಳಪು. ಆ ದಿನ ಅತ್ತೆಯನ್ನು ಜೀಪು ಹತ್ತಗೊಡದೆ ಹಿಡಿದು ಕೂರಿಸಿದ್ದೆ. ಗುಂಡಿಗಳು ಬೇರೆ ಎಂದು ಗೊಣಗುತ್ತಲೇ ಶುರು ಮಾಡಿದರು. ನಾನು ಪಕ್ಕದಲ್ಲೇ ಉತ್ತರಪತ್ರಿಕೆ ತಿದ್ದುತ್ತಾ ಕುಳಿತೆ. ಮನಸ್ಸು ಹಗುರಾಗಿತ್ತು. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು, ಅತ್ತೆ ಕುರ್ಚಿಯಿಂದ ಎದ್ದಿದ್ದರು.

"ಏನಾತ್ರೀ ಅತ್ತಿ?"

"ಗೆದ್ದೆ."

ಕೊನೆಗೆ ಮುಟ್ಟುತ್ತಿದ್ದ ಅತ್ತೆ ಗೆದ್ದಿದ್ದರು! "ಮತ್ತ್ಯಾಕ ಎದ್ರಿ?"

"ಗೆದ್ದಿದ್ದು ಯಾರಿಗೆ ಹೇಳಲಿ?"

"ನನಗ ಹೇಳ್ರಿ."

"ನೀ ಪೇಪರ್ ತಿದ್ದಾಕತ್ತೀಯಲ್ಲವ್ವಾ" ಎಂದು ಮೆಲ್ಲಗೆ ಹೇಳಿ ನನ್ನ ತಲೆ ಸವರಿ ಒಳಗೆ ಹೋದರು. ಸಿಟ್ಟಿರಲಿಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚಿತು. ಮರುದಿನ ಜೀಪು ಹಾರ್ನ್ ಹಾಕುವ ಮೊದಲೇ ಅವರು ಗೇಟಿನ ಬಳಿ ಇದ್ದರು.

ಹಾಗಾದರೆ ಅಲ್ಲೇನಿದೆ ಎಂದು ತಲೆಬುಡ ತಿಳಿಯದೆ, ಭಾನುವಾರ ಅತ್ತೆಯನ್ನು ಬಿಟ್ಟು ಮರಳಿದ ಜೀಪನ್ನು ನಾನೂ ಹತ್ತಿದೆ. ಆಫೀಸು ಎಂದರೆ ತಗಡಿನ ಶೆಡ್ಡು. ಒಳಗೆ ನಮ್ಮ ಹಳೆಯ ಕಂಪ್ಯೂಟರ್, ಅದರ ಮುಂದೆ ಅತ್ತೆ, ಅವರ ಸುತ್ತ ಲೋಡಿಗೆ ಕಾಯುತ್ತಿದ್ದ ಲಾರಿ ಡ್ರೈವರುಗಳು. ಕೈಯಲ್ಲಿ ಚಹದ ಲೋಟ, ಬಾಯಲ್ಲಿ ಒಂದೇ ಸಮ ಸಲಹೆ. "ಅಮ್ಮಾರ, ಟರ್ನಿಂಗ್‌ನಾಗ ಬ್ರೇಕ್ ಒತ್ತಬ್ಯಾಡ್ರಿ!" "ಒತ್ರಿ ಒತ್ರಿ, ಅವನ ಮಾತು ಕೇಳಬ್ಯಾಡ್ರಿ, ಹ್ವಾದ ವರ್ಷ ಗಾಡಿ ಹೊಲಕ್ಕ ಇಳಿಸ್ಯಾನ!" ಎಲ್ಲರಿಗಿಂತ ಹಿರಿಯ ಡ್ರೈವರ್ ಹುಲುಗಪ್ಪ ಅತ್ತೆಯ ಕುರ್ಚಿಯ ಹಿಂದೆ ನಿಂತು, ಸಂಡೂರಿನ ಇಳಿಜಾರನ್ನು ಲೋಡ್ ಗಾಡಿಯಲ್ಲಿ ಇಳಿಯುವುದು ಹೇಗೆಂದು ಕೈಯಾಡಿಸಿ ತೋರಿಸುತ್ತಿದ್ದ. ಅತ್ತೆ ಅವನಿಗೆ "ನಮ್ಮ ಗಿರಣಿ ಡ್ರೈವರ್ ಹಿಂಗ ಇಳಸ್ತಿದ್ದಿಲ್ಲಪಾ" ಎಂದು ಎದುರು ವಾದಿಸುತ್ತಿದ್ದರು. ಆಮೇಲೆ ಕಾರನ್ನು ಏನಕ್ಕೋ ಗುದ್ದಿ, ಎಲ್ಲರೊಡನೆ ಸೇರಿ ನಕ್ಕರು. ಆ ನಗೆಯನ್ನು ನಾನು ಮಾವ ಇದ್ದಾಗ ಕೇಳಿದ್ದೆ.

ಅತ್ತೆ ನನ್ನನ್ನು ಕಂಡವರೇ ಎದ್ದು ಜಾಗ ಕೊಟ್ಟರು. "ನಮ್ಮ ಸೊಸಿ. ಟೀಚರ್. ಈಕೀನೂ ಆಡ್ತಾಳ" ಎಂದು ಎಲ್ಲರಿಗೂ ಹೇಳಿದರು. ಬ್ಯಾಡ್ರಿ ಎಂದರೂ ಬಿಡಲಿಲ್ಲ. ಕುಳಿತೆ. ಮೊದಲ ತಿರುವಿನಲ್ಲಿ ಬೇಲಿ ಹಾರಿದೆ, ಮೇಲೆ ಬಂದು ಕಂಬಕ್ಕೆ ಗುದ್ದಿದೆ, ಅಲ್ಲಿಂದ ಹೇಗೋ ಬಂದ ದಾರಿಗೇ ತಿರುಗಿ ಎದುರು ಬರುತ್ತಿದ್ದವರ ನಡುವೆ ನುಗ್ಗಿದೆ. ಶೆಡ್ಡಿನಲ್ಲಿ ಸಲಹೆಗಳು ಒಂದೊಂದಾಗಿ ನಿಂತವು. ಕೊನೆಗೆ ಕಾರು ತಲೆಕೆಳಗಾಗಿ ಚಕ್ರ ತಿರುಗಿಸುತ್ತಾ ಮಲಗಿತು.

ಹುಲುಗಪ್ಪ ಗಂಟಲು ಸರಿಮಾಡಿಕೊಂಡು ಬಹಳ ಮರ್ಯಾದೆಯಿಂದ ಕೇಳಿದ: "ಮೇಡಮ್ಮಾರ, ತಮಗ ಲೈಸನ್ಸ್ ಐತೇನ್ರಿ?"

"ಇಲ್ಲಪ್ಪ" ಎಂದೆ.

"ಛಲೋ ಆತು ಬಿಡ್ರಿ" ಎಂದು ಅವನು ನಿಟ್ಟುಸಿರು ಬಿಟ್ಟ.