ಮಾವನ ಬದಲಿ ಪಂಪು

ನನ್ನ ಸೋದರಮಾವನ ಪ್ರಕಾರ ಜಗತ್ತಿನಲ್ಲಿ ಎರಡೇ ಬಗೆಯ ವಸ್ತುಗಳು: ನೀರೆತ್ತುವ ಪಂಪುಗಳು, ನೀರೆತ್ತದ ಪಂಪುಗಳು! ಮನುಷ್ಯರು? ಪಂಪು ಕೆಟ್ಟಾಗ ಬಂದು ಬಾಗಿಲು ತಟ್ಟುವವರು, ಅಷ್ಟೆ.

ಎಂಬತ್ತರ ದಶಕದಲ್ಲಿ ಬೋಳಾರದಲ್ಲಿ ಅವರದೊಂದು ರಿಪೇರಿ ಅಂಗಡಿ. ಅಲ್ಲಿ ಕುರ್ಚಿಯೇ ಇರಲಿಲ್ಲ. ಕುಳಿತರೆ ತಾನೇ ಕುರ್ಚಿ ಬೇಕು! ಕೆಟ್ಟ ಪಂಪನ್ನು ಬಿಚ್ಚುವ ಮೊದಲು ಗಿರಾಕಿಯ ಮನೆಯಲ್ಲೊಂದು ಬದಲಿ ಪಂಪು ಕೂರಿಸುವುದು ಅವರ ವ್ರತ. ಒಂದು ಹೊತ್ತೂ ಅಲ್ಲಿ ನೀರು ನಿಲ್ಲಬಾರದು. ಆ ಬದಲಿ ಪಂಪು ಯಾರದು ಗೊತ್ತೇ? ಸ್ವಂತ ಮನೆಯದು! ಅದು ಕುದ್ರೋಳಿಯ ಹೋಟೆಲಿಗೋ ಬಲ್ಮಠದ ಹಾಸ್ಟೆಲಿಗೋ ನೆಂಟನಾಗಿ ಹೋದಾಗಲೆಲ್ಲ ಅತ್ತೆ ಬಾವಿಗೆ ಕೊಡಪಾನ ಇಳಿಸಬೇಕು.

“ಈ ಮನೆಗೆ ಬದಲಿ ಪಂಪು ಅಂದ್ರೆ ನಾನೇ ಮಾರಾಯ,” ಎಂದು ಅವರು ನನ್ನೊಡನೆ ಗೊಣಗುವಾಗ ಮಾವ ಗೇಟು ದಾಟಿರುತ್ತಿದ್ದರು.

ಒಂದು ಬೆಳಿಗ್ಗೆ ಅತ್ತೆ ಉಸಿರು ಸಿಗದೆ ಅಂಗಳದಲ್ಲೇ ಕುಸಿದರು. ಆಸ್ಪತ್ರೆಯ ವರಾಂಡದಲ್ಲಿ ಮಾವ ನಡೆದೇ ನಡೆದರು. ಚಹಾ ತಂದುಕೊಟ್ಟರೆ ಲೋಟ ಹಿಡಿದೇ ನಡೆದರು. ಅರ್ಧ ಚಹಾ ಅಂಗಿ ಕುಡಿಯಿತು. ಮಧ್ಯಾಹ್ನದೊಳಗೆ ಆಸ್ಪತ್ರೆಯ ಎರಡು ನಲ್ಲಿಗಳ ಸೋರಿಕೆ ನಿಂತಿತ್ತು. ಜೇಬಿನಲ್ಲಿ ಸ್ಪ್ಯಾನರ್ ಇಟ್ಟುಕೊಂಡು ರೋಗಿ ನೋಡಲು ಬರುವವರನ್ನು ಎಲ್ಲಾದರೂ ಕಂಡಿದ್ದೀರಾ?

ಡಾಕ್ಟರು ಹೊರಬಂದರು. “ಶ್ವಾಸಕೋಶದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ. ಅದರ ಎದುರು ತಳ್ಳಿ ತಳ್ಳಿ ಹೃದಯದ ಬಲಭಾಗ ಸೋತಿದೆ.”

“ಅಂದ್ರೆ ಪಂಪಿನಿಂದ ನೀರು ಹೊರಗೆ ಹೋಗುವ ಡೆಲಿವರಿ ಪೈಪು ಬ್ಲಾಕ್!” ಎಂದರು ಮಾವ. ಆಮೇಲೆ ಸ್ವರ ಇಳಿಯಿತು. “ನೀರು ಎಳೆದು ಎಳೆದು ಹೀಗಾಯ್ತಾ ಡಾಕ್ಟ್ರೇ?”

“ಇಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.”

“ಹಾಗಾದ್ರೆ ಬ್ಲಾಕ್ ಹೋಗುವವರೆಗೆ ಬೇರೆ ಪಂಪು ಇಡಿ!”

“ಹೃದಯದ ಕೆಲಸ ಸ್ವಲ್ಪ ಸಮಯ ಮಾಡುವ ಯಂತ್ರ ದೊಡ್ಡ ಊರುಗಳಲ್ಲಿ ಉಂಟು. ನಮ್ಮಲ್ಲಿ ಇಲ್ಲ. ಔಷಧಿ ಕೊಟ್ಟಿದ್ದೇವೆ, ಕಾಯ್ಬೇಕು.”

“ಇಲ್ಲ ಅಂದ್ರೆ ಎಂತ? ನನ್ನದುಂಟಲ್ಲ! ಪಕ್ಕದಲ್ಲಿ ಮಲಗ್ತೇನೆ, ಪೈಪು ಜೋಡಿಸಿ. ಅವಳದ್ದು ಸರಿಯಾಗುವವರೆಗೆ ನನ್ನದು ಓಡ್ಲಿ!”

ಹೇಳುತ್ತಲೇ ಅಂಗಿಯ ಗುಂಡಿ ಬಿಚ್ಚತೊಡಗಿದರು. ನನಗೆ ನಾಚಿಕೆಯಾಗಿ ನಗು ಬಂತು. ಡಾಕ್ಟರು ನಗಲಿಲ್ಲ. ಮಾವನ ಕೈ ಹಿಡಿದು ಅವರೇ ಒಂದೊಂದಾಗಿ ಗುಂಡಿ ಹಾಕಿದರು. ನಕ್ಕದ್ದಕ್ಕೆ ನನಗೆ ಇಂದಿಗೂ ಬೇಸರವಿದೆ.

ನಾಲ್ಕನೆಯ ದಿನ ಅತ್ತೆ ಕಣ್ಣು ಬಿಟ್ಟು, “ಇದೆಂತ, ಗಡ್ಡ ತೆಗೀಲಿಲ್ವಾ?” ಎಂದರು. ಹೃದಯ ಸೋತು ಊದಿದ್ದ ಕಾಲಿನ ಬಾವು ಇಳಿದಿದೆಯೇ ಎಂದು ಅವರ ಪಾದ ಒತ್ತಿ ನೋಡಿದ ಮಾವ, ಅದರ ಮೇಲೆಯೇ ಹಣೆಯಿಟ್ಟು ಅತ್ತುಬಿಟ್ಟರು.

“ಅಯ್ಯೋ, ಬಿಡಿ, ಜನ ನೋಡ್ತಾರೆ,” ಎಂದರು ಅತ್ತೆ. ಕಾಲು ಎಳೆದುಕೊಳ್ಳಲು ಅವರಲ್ಲಿ ತ್ರಾಣವಿರಲಿಲ್ಲ. ಮಾವ ಬಿಡಲೂ ಇಲ್ಲ.