ಬಿಡದ ಮುಚ್ಚಳ, ಕಾದಿದ್ದ ಕುದುರೆ

ಬನ್ನಿ, ಚಾಪೆ ಎಳೆದುಕೊಂಡು ಬಿಸಿಲಿಗೆ ಬೆನ್ನು ಕೊಟ್ಟು ಕೂತ್ಕೊಳ್ಳಿ. ಬಟಾಣಿ ಸುಲಿಯುತ್ತಾ ಕೇಳಿ. ಕೈಗೂ ಕೆಲಸ, ಕಿವಿಗೂ ಕೆಲಸ. ನಮ್ಮ ಮನೆಯಲ್ಲಿ ನೆಟ್ಟಗೆ ಆಗುವ ಕೆಲಸ ಅಂತ ಒಂದೂ ಇಲ್ಲ. ಹಾಲು ಕಾಯಿಸೋಕೆ ಇಟ್ಟರೂ ಉಕ್ಕೋದರೊಳಗೆ ಮೂರು ಪ್ರಸಂಗ ನಡೆದಿರುತ್ತೆ. ಇನ್ನು ಮೊಮ್ಮಗಳ ಮದುವೆಯ ವಾರ ಕೇಳಬೇಕೇ?

ನಮ್ಮ ಅಳಿಯಂದಿರು, ಅಂದರೆ ಹುಡುಗಿಯ ಅಪ್ಪ, ಅವರ ಹತ್ತಿರ ಒಂದು ಹಳೇ ವಿಲಾಯತಿ ಕಾರು. ಇಬ್ಬರೇ ಕೂರೋದು. ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಕಪ್ಪೆ ಹಾಗೆ ಕೂತಿರುತ್ತೆ. ಹುಟ್ಟಿನಿಂದಲೇ ಅದು ಚಾವಣಿಯಿಲ್ಲದ ತೆರೆದ ಕಾರು. ಚಳಿ ಮಳೆಗೆ ಅಂತ ಮೇಲೊಂದು ಗಟ್ಟಿ ಮುಚ್ಚಳ, ಬೇಕಾದಾಗ ಹಾಕಿ ಬೇಡವಾದಾಗ ತೆಗೆಯೋಕೆ. ಏಳು ವರ್ಷದ ಹಿಂದೆ ಒಬ್ಬ ನಿವೃತ್ತ ಕರ್ನಲ್ ಹತ್ತಿರ ಮುಚ್ಚಳದ ಸಮೇತ ತಂದವರು, ಭಾನುವಾರಕ್ಕೊಮ್ಮೆ ಕಾರು ತೊಳೆದರೇ ಹೊರತು ಮುಚ್ಚಳ ತೆಗೆಯಲಿಲ್ಲ. ದಿಲ್ಲಿಯ ಬಿಸಿಲು ಏಳು ಬೇಸಿಗೆ ಅದನ್ನು ಹುರಿದು ಹಾಕಿತ್ತು.

ವರ ಎದುರು ಬ್ಲಾಕಿನ ಪಂಜಾಬಿ ಹುಡುಗ. ಚಿನ್ನದಂಥವನು, ಆದರೆ ಕುದುರೆ ಕಂಡರೆ ಕೈಕಾಲು ತಣ್ಣಗಾಗುತ್ತೆ. ಚಿಕ್ಕವನಿದ್ದಾಗ ಯಾರದೋ ಮದುವೆಯಲ್ಲಿ ಇವನನ್ನು ವರನ ಜೊತೆ ಕುದುರೆ ಮೇಲೆ ಕೂರಿಸಿದ್ದರಂತೆ. ಅದು ಬ್ಯಾಂಡಿಗೆ ಬೆದರಿ ನೇರ ಗೋಲ್ಗಪ್ಪಾ ಗಾಡಿಗೆ ನುಗ್ಗಿತಂತೆ. ಅವರಲ್ಲೋ, ವರ ಕುದುರೆ ಏರದಿದ್ದರೆ ಆ ಮೆರವಣಿಗೆ ಬಾರಾತೇ ಅಲ್ಲ. ನಮ್ಮಲ್ಲಿ ಹೆಣ್ಣಿನ ಕಡೆಯವರೇ ವಾಹನ ಕಳಿಸಿ ವರನನ್ನು ಕರೆತರೋದು. ಅದಕ್ಕೇ ಅಳಿಯಂದಿರು ತಮ್ಮ ಕಾರನ್ನು ಕೊಡ್ತೀನಿ ಅಂದರು.

ಬೀಗಿತ್ತಿ ಬಂದು ಕಾರಿಗೆ ಒಂದು ಪ್ರದಕ್ಷಿಣೆ ಹಾಕಿದರು. "ಛತ್ ತೆಗೆದರೆ ಸರಿ. ನನ್ನ ಮಗನ ಮುಖ ಇಡೀ ದ್ವಾರಕಾ ಬಡಾವಣೆ ನೋಡಬೇಕು. ಡಬ್ಬಿಯಲ್ಲಿ ಕೂತು ಬರೋಕೆ ಅವನೇನು ಬರ್ಫಿಯಾ? ಭಾನುವಾರ ಮದುವೆ. ಅಷ್ಟರೊಳಗೆ ತೆಗೆಯದಿದ್ದರೆ ಕುದುರೆಯೇ ಗತಿ, ಘೋಡಿಗೆ ನಾನು ಹೇಳಿಯಾಗಿದೆ."

ಮೊಮ್ಮಗಳು ನನ್ನ ಸೆರಗು ಹಿಡಿದಳು. "ಅಜ್ಜಿ, ಕುಛ್ ಕರೋ, ಏನಾದರೂ ಮಾಡು! ಘೋಡಿ ಬಂದ್ರೆ ಇವನು ಮಂಟಪಕ್ಕೆ ಬರಲ್ಲ, ಸೀದಾ ಸ್ಟೇಷನ್‌ಗೆ ಹೋಗ್ತಾನೆ."

ಮಿಸ್ತ್ರಿಯ ಗ್ಯಾರಂಟಿ

ಸೋಮವಾರ ಕಾರು ರಿಪೇರಿಯ ಮಿಸ್ತ್ರಿ ಬಂದ. ಮುಚ್ಚಳದ ಸುತ್ತ ಟಕಟಕ ಬಡಿದು, "ಹೋ ಜಾಯೇಗಾ, ಆಗುತ್ತೆ ಬಿಡಿ" ಅಂದ. ಒಂದು ಚಹಾ ಕುಡಿದು ಬೋಲ್ಟು ಬಿಚ್ಚಿದ. ಇನ್ನೊಂದು ಚಹಾ ಕುಡಿದು ಚಿಲಕ ಬಿಚ್ಚಿದ. ಮೂರನೆಯದು ಕುಡಿದು, "ಈಗ ನಾಲ್ಕು ಜನ ಬನ್ನಿ" ಅಂದ.

ನಾಲ್ಕು ಮೂಲೆಗೆ ನಾಲ್ಕು ಜನ ನಿಂತರು. ಅಳಿಯಂದಿರು "ಏಕ್, ದೋ, ತೀನ್" ಅಂದರು. ಎತ್ತಿದರು. ಮೇಲೆ ಬಂತು! ನಾನು ದೇವರೇ ಅಂತ ಕೈ ಮುಗಿದೆ. ಬಗ್ಗಿ ನೋಡಿದರೆ ಮುಂದಿನ ಎರಡು ಚಕ್ರವೂ ನೆಲ ಬಿಟ್ಟು ನಿಂತಿವೆ. ಮುಚ್ಚಳ ಹಿಡಿದು ಕಾರನ್ನೇ ಎತ್ತಿದ್ದರು, ಮಹಾರಾಯರು.

"ಇಳಿಸಿ, ಇಳಿಸಿ!" ಅಂತ ಅಳಿಯಂದಿರು ಕೂಗಿದರು. ಮಿಸ್ತ್ರಿ ಬೆವರು ಒರೆಸಿಕೊಂಡು ಬಹಳ ಸಂತೋಷದಿಂದ ಹೇಳಿದ: "ಸಾಬ್, ಒಂದು ಮಾತು ಬರೆದಿಟ್ಟುಕೊಳ್ಳಿ. ಈ ಛತ್ ಎಂದಿಗೂ ಸೋರೋದಿಲ್ಲ. ನನ್ನ ಗ್ಯಾರಂಟಿ."

ನಿವೃತ್ತರ ಸಮಿತಿ

ಅಳಿಯಂದಿರು ಸರ್ಕಾರಿ ಕಚೇರಿಯವರು. ಒಂದು ಕೆಲಸ ಆಗಲಿಲ್ಲ ಅಂದರೆ ಅವರಿಗೆ ಗೊತ್ತಿರೋದು ಒಂದೇ ದಾರಿ, ಸಮಿತಿ. ನಮ್ಮ ಫ್ಲ್ಯಾಟುಗಳ ಸೊಸೈಟಿಯಲ್ಲಿ ಯಾವ ಬಾಗಿಲು ತಟ್ಟಿದರೂ ಒಬ್ಬ ನಿವೃತ್ತ ಸಾಹೇಬರು. ಮಂಗಳವಾರ ಮೂವರನ್ನು ಕರೆತಂದರು. ಒಬ್ಬರು ರೈಲ್ವೆಯವರು, ಒಬ್ಬರು ನೀರು ಸರಬರಾಜಿನವರು, ಮತ್ತೊಬ್ಬರು ಹಳೇ ಕೋಟೆ ಗೋರಿ ನೋಡಿಕೊಳ್ಳುವ ಇಲಾಖೆಯವರು.

ರೈಲ್ವೆಯವರು, "ದೊಡ್ಡ ಸುತ್ತಿಗೆ ತನ್ನಿ" ಅಂದರು. ನೀರಿನವರು, "ಮೊದಲು ಎಲ್ಲಿ ಸೋರುತ್ತೆ ಹೇಳಿ" ಅಂದರು. ಸೋರದೇ ಇರೋದೇ ನಮ್ಮ ಸಂಕಟ ಅಂತ ಅವರಿಗೆ ತಿಳಿಸೋಕೆ ಅರ್ಧ ಗಂಟೆ ಹಿಡಿಯಿತು. ನಾನು ಪಕೋಡ ಕರಿದೆ. ಬುಧವಾರ ಮತ್ತೆ ಸೇರಿದರು, ಮತ್ತೆ ಕರಿದೆ. ನಡೆದ ಮಾತನ್ನೆಲ್ಲ ಅಳಿಯಂದಿರು ಕೂತು ಬರೆದುಕೊಂಡರು. ಮುಚ್ಚಳ ಒಂದು ಕೂದಲೆಳೆ ಕದಲಲಿಲ್ಲ, ಕಡಲೆಹಿಟ್ಟಿನ ಡಬ್ಬ ಮಾತ್ರ ತಳ ಕಂಡಿತು.

ಕೋಟೆಯವರು ಎರಡೂ ದಿನ ತುಟಿ ಬಿಚ್ಚಿರಲಿಲ್ಲ. ಕೊನೆಗೆ ಎದ್ದು ನಿಂತು ಕಾರಿನ ಮೇಲೆ ಮೆಲ್ಲಗೆ ಕೈಯಾಡಿಸಿ, "ಮಿತ್ರರೇ, ಇದನ್ನು ಯಾರೂ ಮುಟ್ಟಬಾರದು. ಇದ್ದ ಹಾಗೇ ಕಾಪಾಡಬೇಕು. ಸುತ್ತ ಒಂದು ಬೇಲಿ ಹಾಕಿಸಿ" ಅಂದರು.

ನನ್ನ ಲೋಟದ ವಿದ್ಯೆ

ಗುರುವಾರ ನನಗೆ ತಡೆಯಲಾಗಲಿಲ್ಲ. ಸ್ಟೀಲ್ ಲೋಟದೊಳಗೆ ಲೋಟ ಸಿಕ್ಕಿಕೊಂಡರೆ ಏನು ಮಾಡ್ತೀವಿ? ಹೊರಗಿನದಕ್ಕೆ ಬಿಸಿನೀರು, ಒಳಗಿನದಕ್ಕೆ ತಣ್ಣೀರು. ಹೊರಗಿನದು ಹಿಗ್ಗುತ್ತೆ, ಬಿಡುತ್ತೆ. ಇಷ್ಟಕ್ಕೆ ಮೂರು ಪಿಂಚಣಿಯವರು ಬೇಕೇ? ಹೇಗೂ ಚಳಿಗಾಲ, ಒಳಗೆ ತಣ್ಣಗೇ ಇದೆ. ಗೀಸರಿನಿಂದ ಆರು ಬಕೆಟ್ ಬಿಸಿನೀರು ಇಳಿಸಿದೆವು. ಅಳಿಯಂದಿರು ಕಾರಿನೊಳಗೆ ಹೋಗಿ ಅಂಗಾತ ಮಲಗಿ ಎರಡೂ ಕಾಲು ಮುಚ್ಚಳಕ್ಕೆ ಒತ್ತಿದರು. ನಾನು ಸ್ಟೂಲು ಹತ್ತಿ ಸುರಿದೆ.

ಗಾಜೆಲ್ಲ ಹಬೆ. ಒಳಗಿಂದ, "ಅತ್ತೆ, ಸಾಕು! ಅತ್ತೆ, ಬೇಯ್ತಾ ಇದ್ದೀನಿ!" ಅನ್ನೋ ಕೂಗು.

ಮಗಳು ಬಾಲ್ಕನಿಯಿಂದ, "ಅಮ್ಮಾ, ಅವರನ್ನೇನು ಇಡ್ಲಿ ಅಂದುಕೊಂಡ್ಯಾ?" ಅಂದಳು.

ಅದೇ ಹೊತ್ತಿಗೆ ಬೀಗಿತ್ತಿ ಮಿಠಾಯಿ ಡಬ್ಬ ಹಿಡಿದು ಗೇಟಿನಲ್ಲಿ. ಹಬೆಯ ಗಾಜಿನ ಹಿಂದೆ ಎರಡು ಬರಿಗಾಲು ಮೇಲೆ ಕೆಳಗೆ ಆಡುತ್ತಿವೆ. ಅವರು ಹತ್ತಿರ ಬಂದು, ತಗ್ಗಿದ ದನಿಯಲ್ಲಿ, "ಬೀಗರು ಯೋಗ ಮಾಡ್ತಿದ್ದಾರಾ?" ಅಂತ ಕೇಳಿದರು.

"ಹೂಂ, ದಿನಾ" ಅಂದೆ. ಆರೂ ಬಕೆಟ್ ಖಾಲಿ, ಮುಚ್ಚಳ ಇದ್ದಲ್ಲೇ ಇತ್ತು.

ಎಲ್ಲರೂ ಕೈ ಮುಗಿದ ಜಾಗ

ಶನಿವಾರ ಬೆಳಿಗ್ಗೆ ವರ ತಾನೇ ಬಂದು ಕಾರಿನ ಪಕ್ಕ ನಿಂತ. ಮುಖದಲ್ಲಿ ರಕ್ತವಿಲ್ಲ. "ನಾನೀಜೀ, ನಾಳೆ ಘೋಡಿನಾ?" ಅಂತ ನನ್ನನ್ನು ಕೇಳಿದ.

ಮೆಟ್ಟಿಲ ಕೆಳಗೆ ಬಟ್ಟೆ ಉಜ್ಜುವ ಇಸ್ತ್ರಿ ಭಯ್ಯಾ ವಾರವೆಲ್ಲ ಈ ನಾಟಕ ನೋಡುತ್ತಲೇ ಇದ್ದ. ಅಳಿಯಂದಿರ ಪಂಚೆ ಮಡಿಸುತ್ತಾ, "ಅಮ್ಮಾಜೀ, ಅದು ಸಿಕ್ಕಿಕೊಂಡಿಲ್ಲ. ಒಳಗಿನ ರಬ್ಬರು ಕರಗಿ ಅಂಟಿದೆ. ಅಂಟಿದ್ದನ್ನು ಎಳೀಬಾರದು, ಕೊಯ್ಯಬೇಕು" ಅಂದ.

"ಇಷ್ಟು ದಿನ ಯಾಕಪ್ಪಾ ಬಾಯಿ ಬಿಡಲಿಲ್ಲ?"

"ಅಷ್ಟೊಂದು ಸಾಹೇಬರು ಮಾತಾಡ್ತಿದ್ದರಲ್ಲ, ಅಮ್ಮಾಜೀ."

ಅವನು ಗಾಳಿಪಟದ ಹುಚ್ಚ. ಮೇಜಿನ ಕೆಳಗಿಂದ ಮಾಂಜಾ ಸುತ್ತಿದ ಚರಕಿ ತೆಗೆದ; ಗಾಜಿನ ಪುಡಿ ಮೆತ್ತಿದ ದಾರ, ಎದುರಾಳಿಯ ಪಟ ಕೊಯ್ಯೋದು. ಅದನ್ನು ನಾಲ್ಕೆಳೆ ಮಾಡಿ ಮುಚ್ಚಳದ ಸಂದಿಗೆ ತೂರಿಸಿದ. ಬೆರಳಿಗೆ ಬಟ್ಟೆ ಸುತ್ತಿಕೊಂಡು ಆ ಕಡೆ ಅಳಿಯಂದಿರು, ಈ ಕಡೆ ವರ, ಗರಗಸ ಎಳೆದ ಹಾಗೆ ಎಳೆದರು. ಕರೀ ರಬ್ಬರು ಎಳ್ಳಿನ ಹಾಗೆ ಉದುರಿತು. ಹಿಂದೆ ಬಿಟ್ಟಿತು, ಪಕ್ಕ ಬಿಟ್ಟಿತು. ಮುಂದಿನ ಗಾಜಿನ ನಡುಮಧ್ಯಕ್ಕೆ ಬಂದು ದಾರ ನಿಂತಿತು.

ಎಲ್ಲರೂ ಒಳಗೆ ಬಗ್ಗಿ ನೋಡಿದರು. ಅಲ್ಲಿ ಒಂದು ಪುಟ್ಟ ಹಿತ್ತಾಳೆ ಗಣೇಶ. ಅರ್ಧ ಗಾಜಿನ ಚೌಕಟ್ಟಿನ ಮೇಲೆ, ಅರ್ಧ ಮುಚ್ಚಳದ ಮೇಲೆ. ನಲ್ಲಿ ಸೋರಿದರೆ ಮೆತ್ತುತ್ತಾರಲ್ಲ, ಆ ಅಂಟಿನಲ್ಲಿ ಭದ್ರವಾಗಿ ಕೂತಿದ್ದಾನೆ. ಮಿಸ್ತ್ರಿಯೂ ಅವನಿಗೆ ಕೈ ಮುಗಿದು ಪಕ್ಕದ ಚಿಲಕ ಬಿಚ್ಚಿದ್ದ, ಸಮಿತಿಯವರೂ ಕೈ ಮುಗಿದಿದ್ದರು. ಯಾವುದರ ಮೇಲೆ ಕೂತಿದ್ದಾನೆ ಅಂತ ಒಬ್ಬರೂ ನೋಡಿರಲಿಲ್ಲ.

"ಇದನ್ನು ಅಂಟಿಸಿದವರು ಯಾರು?" ಅಂದರು ಅಳಿಯಂದಿರು.

ಕಾರು ತಂದ ದಿನ ಪೂಜೆ ಮಾಡಿದವಳು ನಾನೇ. ಬಿದ್ದುಹೋಗದಿರಲಿ ಅಂತ ಎರಡು ಕೈ ಹೆಚ್ಚೇ ಮೆತ್ತಿದ್ದೆ. ನಾನು ಆಕಾಶ ನೋಡಿದೆ.

ಮದುವೆಯ ಹಿಂದಿನ ದಿನ ವಿಘ್ನೇಶ್ವರನಿಗೆ ಉಳಿ ಹಾಕುವವರು ಯಾರು? ಚೌತಿಯ ಗಣೇಶನನ್ನು ಕಳಿಸುವಾಗ ಎಳ್ಳಷ್ಟು ಉತ್ತರಕ್ಕೆ ಕದಲಿಸ್ತೀವಲ್ಲ, ಹಾಗೇ ಅಕ್ಷತೆ ಹಾಕಿ, "ಹೋಗಿ ಬಾರಪ್ಪಾ" ಅಂತ ಕದಲಿಸೋಕೆ ಹೋದೆ. ಕದಲಿದರೆ ತಾನೇ! ಕೊನೆಗೆ ದೋಸೆ ಮಗುಚೋ ಸಟ್ಟುಗವನ್ನು ಇಸ್ತ್ರಿಪೆಟ್ಟಿಗೆಯ ಕೆಂಡದಲ್ಲಿ ಕಾಯಿಸಿ ಅವನ ಬೆನ್ನಿಗೆ ತೂರಿಸಿದೆ. ಅಂಟು ಮೆತ್ತಗಾಯಿತು. ಗರಿಯಾದ ದೋಸೆ ಏಳುವ ಹಾಗೆ ಎದ್ದು ಬಂದ ನಮ್ಮಪ್ಪ. ಹಿಂದೆಯೇ ಮುಚ್ಚಳ 'ಪಟ್' ಅಂತ ಬಿಟ್ಟಿತು.

ವರ ನನ್ನ ಕಾಲಿಗೆ ಬಿದ್ದ. ಅಳಿಯಂದಿರು ಒಂದೇ ಮಾತು ಹೇಳಿದರು: "ಸಮಿತಿಯ ಕಾಗದದಲ್ಲಿ ಕಾರಣ ಏನಂತ ಬರೆಯಲಿ, ಅತ್ತೆ?"

ಆರತಿ ಯಾರಿಗೆ?

ನಮ್ಮ ಮುಹೂರ್ತ ಬೆಳಿಗ್ಗೆ ಹತ್ತಕ್ಕೆ. ರಾತ್ರಿ ಮದುವೆಯ ರೂಢಿಯ ಪಂಜಾಬಿ ನೆಂಟರು ಕೆಂಪು ಪಗಡಿಯ ಮೇಲೆ ಶಾಲು ಸುತ್ತಿಕೊಂಡು, ಮಂಜಿನಲ್ಲಿ ಆಕಳಿಸುತ್ತಾ ಕುಣಿಯೋಕೆ ನಿಂತರು. ವರ ಪಗಡಿ ಕಟ್ಟಿಕೊಂಡು ತೆರೆದ ಕಾರಿನಲ್ಲಿ ರಾಜನ ಹಾಗೆ ಕೂತ. ಅಳಿಯಂದಿರು ಕೀಲಿ ತಿರುಗಿಸಿದರು. ಖರ್ ಅಂತು, ಖುರ್ ಅಂತು, ಸುಮ್ಮನಾಯಿತು.

"ಅಮ್ಮಾ, ನಿನ್ನ ಬಿಸಿನೀರು ಇಂಜಿನ್ನಿಗೆ ಹೋಗಿದೆ" ಅಂದಳು ಮಗಳು, ಹಲ್ಲು ಕಚ್ಚಿ.

ಬೀಗಿತ್ತಿ ಘೋಡಿಯನ್ನು ಬೇಡ ಅಂದಿರಲೇ ಇಲ್ಲ; ಶಕುನಕ್ಕೆ ಇರಲಿ ಅಂತ ಅದೂ ಸಿಂಗಾರ ಮಾಡಿಕೊಂಡು ಬಂದು ನಿಂತಿತ್ತು. ಹತ್ತು ಗಂಟೆಗೆ ಇಪ್ಪತ್ತೇ ನಿಮಿಷ. ಕುದುರೆಯವನು, "ಇದರ ಅಮ್ಮ ಟಾಂಗಾ ಎಳೆದವಳು" ಅಂದ. ಶಾಮಿಯಾನದವರು ಹಗ್ಗ ಕೊಟ್ಟರು. ಕುದುರೆ ಮುಂದೆ, ಕಾರು ಹಿಂದೆ. ವರ ಸೀಟನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ.

ಮಂಟಪದ ಬಾಗಿಲಲ್ಲಿ ಮಗಳು ತಲೆ ತಗ್ಗಿಸಿ ಆರತಿ ಎತ್ತಿದಳು. ಮುಂದೆ ನಿಂತಿದ್ದದ್ದು ಕುದುರೆ. ಅದು ಗಂಭೀರವಾಗಿ ಆರತಿ ಮಾಡಿಸಿಕೊಂಡು, ವರನಿಗೆ ಇಟ್ಟಿದ್ದ ಬೆಲ್ಲ ತಿಂದು, ಹಾರಕ್ಕೆ ಬಾಯಿ ಹಾಕಿತು. ಹಿಂದಿನಿಂದ ಸಣ್ಣದೊಂದು ದನಿ: "ಮಮ್ಮೀಜೀ, ವರ ನಾನು, ಇಲ್ಲಿದ್ದೀನಿ."

ಆಮೇಲೆ ಯಾರ್‍ಯಾರು ಏನಾದರು ಅಂತೀರಾ? ಮಿಸ್ತ್ರಿ ಈಗ ಎದುರಿನ ಬ್ಲಾಕಿನಲ್ಲಿ ಚಹಾ ಕುಡೀತಾನೆ. ಸಮಿತಿ ಇನ್ನೂ ಇದೆ, ಸೊಸೈಟಿಯ ಲಿಫ್ಟಿನ ವಿಚಾರ ನಡೀತಿದೆ. ಮುಚ್ಚಳವನ್ನು ನಾನೇ ಇಸ್ತ್ರಿ ಭಯ್ಯಾಗೆ ಕೊಡಿಸಿದೆ. ನಾಲ್ಕು ಕಂಬದ ಮೇಲೆ ಹಾಕಿಕೊಂಡು ಅದರ ಕೆಳಗೇ ಉಜ್ಜುತ್ತಾನೆ, ಒಂದು ಹನಿ ಸೋರೋದಿಲ್ಲ. ಅಳಿಯಂದಿರು ಈಗಲೂ ಭಾನುವಾರ ಕಾರು ತೊಳೀತಾರೆ, ನನ್ನನ್ನು ಹತ್ತಿರ ಸೇರಿಸಲ್ಲ. ಕುದುರೆಗೆ ಒಳ್ಳೇ ಹೆಸರು ಬಂದು ಬೇಡಿಕೆ ಹೆಚ್ಚಿದೆಯಂತೆ. ಮೊಮ್ಮಗಳೂ ಅವಳ ಗಂಡನೂ ಸುಖವಾಗಿದ್ದಾರೆ. ಬೀಗಿತ್ತಿ ಬಾರಾತಿನ ಫೋಟೋ ದೊಡ್ಡದು ಮಾಡಿಸಿ ನಡುಮನೆಯಲ್ಲಿ ತೂಗುಹಾಕಿದ್ದಾರೆ. ಅದರಲ್ಲಿ ಕುದುರೆ ಇದೆ, ಬ್ಯಾಂಡಿನವರಿದ್ದಾರೆ, ಬಾಯಿ ಬಿಟ್ಟುಕೊಂಡು ನಾನಿದ್ದೀನಿ. ಬಂದವರಿಗೆಲ್ಲ ಅವರು ಕುದುರೆಯ ಕಿವಿಗಳ ನಡುವೆ ಬೆರಳಿಟ್ಟು ತೋರಿಸ್ತಾರೆ: "ನೋಡಿ, ಈ ಚೂರು ಪಗಡಿ ಕಾಣುತ್ತಲ್ಲ, ಅದೇ ನನ್ನ ಮಗ."