ಬ್ರೇಕ್ ಹಿಡಿದ ಗಂಡ, ಜೀವ ಹಿಡಿದುಕೊಂಡ ಹೆಂಡತಿ

ಹೆದರಿಕೊಳ್ಳುವವರ ಮನೆಗೇ ಹೆದರಿಸುವಂಥ ಸಂಗತಿಗಳು ವಿಳಾಸ ಕೇಳಿಕೊಂಡು ಬರುತ್ತವೆ. ನಮ್ಮ ಮನೆಗೆ ಅವು ಸೈಕಲ್ ಹತ್ತಿಕೊಂಡು ಬಂದವು.

ಇದು ಎಂಬತ್ತರ ದಶಕದ ಮಾತು. ನಾನು ಮೂಡಲಪಾಳ್ಯದವಳು. ಹೊಲ, ಹಸು, ಹಾವಿನ ನಡುವೆಯೇ ಬೆಳೆದರೂ ಹುಟ್ಟು ಪುಕ್ಕಲಿ. ಕುಕ್ಕರ್ ಕೂಗಿದರೆ ಹಿತ್ತಲಿಗೆ ಓಡುವವಳು. ಮದುವೆ ಮಾತುಕತೆಯಲ್ಲಿ ನಮ್ಮಪ್ಪನಿಗೆ "ಹುಡುಗ ಸ್ಪೋರ್ಟ್ಸ್‌ಮನ್ನು" ಅಂದಿದ್ದರು. ಅಪ್ಪ ಕಬಡ್ಡಿ ಇರಬೇಕು ಅಂದುಕೊಂಡು ಒಪ್ಪಿಕೊಂಡುಬಿಟ್ಟ. ರಾಜಾಜಿನಗರದ ವಠಾರಕ್ಕೆ ಬಂದ ಮೇಲೆ ನನಗೆ ಗೊತ್ತಾಯಿತು, ಇವರದು ಸೈಕಲ್ ರೇಸು. ಅದೂ ಟಾರು ರಸ್ತೆಯಲ್ಲಲ್ಲ. ಕೆರೆ ಏರಿ, ಕಲ್ಲುದಿಣ್ಣೆ, ಎತ್ತಿನಗಾಡಿ ಜಾಡು, ಮನುಷ್ಯರು ನಡೆದಾಡಲೂ ಯೋಚನೆ ಮಾಡುವಂಥ ಜಾಗಗಳಲ್ಲಿ. ಯುಗಾದಿಗೆ ಶುರುವಾದರೆ ದಸರೆಗೆ ಮುಗಿಯುತ್ತಿತ್ತು.

ಬೇಡ ಅನ್ನುವ ಹಾಗೂ ಇರಲಿಲ್ಲ. ಇವರು ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯಲ್ಲಿ ಟೆಂಪರರಿ ಕೆಲಸಗಾರರು. ಅಲ್ಲಿಯ ವೆಲ್‌ಫೇರ್ ಆಫೀಸರು ಖಡಾಖಂಡಿತವಾಗಿ ಹೇಳಿದ್ದರಂತೆ: "ದಸರಾ ಫೈನಲ್‌ನಲ್ಲಿ ಮೊದಲ ಮೂರರಲ್ಲಿ ಬಾ, ಸ್ಪೋರ್ಟ್ಸ್ ಕೋಟಾದಲ್ಲಿ ಪರ್ಮನೆಂಟ್ ಮಾಡ್ತೀವಿ. ಬರ್ಲಿಲ್ವಾ, ಹಬ್ಬ ಮುಗಿಸ್ಕೊಂಡು ಬೇರೆ ಕೆಲಸ ನೋಡ್ಕೋ."

ಹೀಗೆ ನನಗೆ ಎರಡು ಭಯ ಒಟ್ಟಿಗೇ ಅಂಟಿಕೊಂಡವು. ಜೋರಾಗಿ ಹೋದರೆ ಗಂಡ ಹೋಗುತ್ತಾನೆ, ನಿಧಾನಕ್ಕೆ ಹೋದರೆ ಕೆಲಸ ಹೋಗುತ್ತದೆ.

೧. ನರ್ಸಮ್ಮ

ಮೊದಲನೇ ರೇಸು ಲಗ್ಗೆರೆಯ ಆಚೆ. ಮನೆಯಲ್ಲಿ ಕೂತು ಕಾಯುವುದಕ್ಕಿಂತ ಕಣ್ಣೆದುರಿಗೇ ಏನಾದರೂ ಆಗಲಿ ಎಂದು ನಾನೂ ಹೊರಟೆ. ಹೋಗುವುದು ಹೇಗೆ? ರೇಸಿನ ಸೈಕಲ್ಲೇ ನಮ್ಮ ವಾಹನ. ಕ್ಯಾರಿಯರ್ ಮೇಲೆ ನಾನು, ನನ್ನ ತೊಡೆಯ ಮೇಲೆ ಚಿತ್ರಾನ್ನದ ಡಬ್ಬಿ. ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡು ಇವರ ಬೆನ್ನಿನ ಅಂಗಿ ಹಿಡಿದುಕೊಂಡಿದ್ದೆ. ಅಲ್ಲಿಗೆ ಹೋಗಿ ಇಳಿದಾಗ ಇವರ ಅಂಗಿಯ ಮೇಲಿನ ಎರಡು ಗುಂಡಿ ಇರಲಿಲ್ಲ, ಏದುಸಿರು ಮಾತ್ರ ಇತ್ತು. ಇವರು ಸ್ಪ್ಯಾನರ್ ತೆಗೆದು ಕ್ಯಾರಿಯರ್ ಬಿಚ್ಚಿ ನನ್ನ ಕೈಗೆ ಕೊಟ್ಟು, "ಹಿಡ್ಕೊಂಡಿರು, ವಾಪಸ್ ಹೋಗೋವಾಗ ಬೇಕು" ಅಂದರು. ಗಂಡ ವಾಪಸ್ ಬರುತ್ತಾನೋ ಇಲ್ಲವೋ ಎಂದು ನಡುಗುತ್ತಾ ಒಂದು ಬಂಡೆಯ ಮೇಲೆ ಕ್ಯಾರಿಯರ್ ತಬ್ಬಿಕೊಂಡು ಕೂತೆ.

ಪಕ್ಕದಲ್ಲಿ ನನ್ನ ಬ್ಯಾಗು. ಅದರಲ್ಲಿ ಹತ್ತಿ, ಟಿಂಚರು, ಅರಿಶಿನ, ಹಳೇ ಪಂಚೆ ಹರಿದು ಮಾಡಿದ ಪಟ್ಟಿಗಳು, ಮೂಳೆ ಮುರಿದರೆ ಕಟ್ಟುವುದಕ್ಕೆ ಅಂತ ಎರಡು ಬಿದಿರು ತುಂಡು. ರೇಸು ನಡೆಸುತ್ತಿದ್ದ ಯುವಕರ ಸಂಘದವರೊಬ್ಬರು ಬಗ್ಗಿ ನೋಡಿ ಬಹಳ ಖುಷಿಪಟ್ಟರು. ಅವರು ಹೋದ ಎರಡೇ ನಿಮಿಷಕ್ಕೆ ಮೈಕು ಕೂಗಿತು: "ಸ್ಪರ್ಧಿಗಳು ಗಾಬರಿಯಾಗಬೇಕಾಗಿಲ್ಲ! ನಮ್ಮ ಜೊತೆ ನರ್ಸಮ್ಮ ಬಂದಿದ್ದಾರೆ! ಬಿದ್ದವರು ಧೈರ್ಯವಾಗಿ ಬಂಡೆ ಹತ್ತಿರ ಹೋಗಿ!"

"ಅಯ್ಯೋ, ನಾನು ನರ್ಸಲ್ಲ ಸಾರ್" ಅಂತ ಹೇಳುವುದಕ್ಕೆ ಎದ್ದೆ. ಅಷ್ಟರಲ್ಲಿ ಒಬ್ಬ ಹುಡುಗ ಮೊಣಕಾಲು ತರಚಿಕೊಂಡು ಕುಂಟುತ್ತಾ ಬಂದು, "ಅಕ್ಕಾ, ಒಸಿ ನೋಡಿ" ಎಂದು ಕಾಲು ಚಾಚಿದ. ಕಾಲಲ್ಲಿ ರಕ್ತ ಇಳಿಯುತ್ತಿತ್ತು. ನೋಡಿದೆ. ಆಮೇಲೆ ಏನಾಯಿತೋ ನನಗೆ ಗೊತ್ತಿಲ್ಲ.

ಕಣ್ಣು ಬಿಟ್ಟಾಗ ಆ ಹುಡುಗನೇ ಪಂಚೆಯ ಪಟ್ಟಿ ನೀರಲ್ಲಿ ಅದ್ದಿ ನನ್ನ ಹಣೆಗೆ ಒತ್ತುತ್ತಿದ್ದ. ಇವರು ರೇಸು ಅರ್ಧಕ್ಕೇ ಬಿಟ್ಟು ಓಡಿ ಬಂದಿದ್ದರು. ಮೈಕು ಮತ್ತೆ ಕೂಗುತ್ತಿತ್ತು: "ಯಾರಾದ್ರೂ ನರ್ಸ್ ಇದ್ದರೆ ಬೇಗ ಬನ್ನಿ, ನಮ್ಮ ನರ್ಸಮ್ಮ ಬಿದ್ದೋಗಿದ್ದಾರೆ!"

೨. ರಾಗಿ ಬೀಸುವ ಸದ್ದು

ಮುಂದಿನದು ಮಲ್ಲತ್ತಹಳ್ಳಿ ಕೆರೆಯ ಹತ್ತಿರ. ಈ ಸಲ ಬ್ಯಾಗು ಮನೆಯಲ್ಲಿ ಬಿಟ್ಟು ಹೋದೆ. ಕ್ಯಾರಿಯರ್ ತಬ್ಬಿಕೊಂಡು ಇಳಿಜಾರಿನ ಕೆಳಗೆ, ಹುಣಸೆಮರದ ನೆರಳಿನಲ್ಲಿ ನಿಂತೆ. ಪಕ್ಕದಲ್ಲಿ ಹಸು ಮೇಯಿಸುತ್ತಿದ್ದ ಊರಿನ ಅಜ್ಜ ಒಬ್ಬರು.

ಮೇಲಿನ ಏರಿಯ ಮೇಲೆ ನಮ್ಮವರೇ ಎಲ್ಲರಿಗಿಂತ ಮುಂದೆ! ಹೆದರಿಕೆಯ ಮಧ್ಯೆಯೂ ನನ್ನ ಎದೆ ಉಬ್ಬಿತು. ಇಳಿಜಾರು ಶುರುವಾಯಿತು. ಒಬ್ಬ ಸೊಯ್ಯೆಂದು ಇಳಿದು ಹೋದ. ಇನ್ನೊಬ್ಬ ಹೋದ. ಐದು ಜನ ಹೋದರು. ಇವರ ಪತ್ತೆಯೇ ಇಲ್ಲ. ಬಿದ್ದೇ ಹೋದರು ಎಂದು ಮೇಲಕ್ಕೆ ಓಡಲು ಸೆರಗು ಸಿಕ್ಕಿಸಿಕೊಂಡೆ. ಆಗ ಮೇಲಿನಿಂದ 'ಗರ್‌ರ್ ಗರ್‌ರ್' ಅಂತ ಸದ್ದು ಕೇಳಿಸಿತು.

ಅಜ್ಜ ಕಿವಿಗೆ ಕೈ ಒಡ್ಡಿ, "ಯಾರವ್ವಾ ಅದು, ರಾಗಿ ಬೀಸ್ಕೊಂಡು ಬರ್ತಾವ್ನೆ?" ಎಂದರು.

ನಮ್ಮ ಯಜಮಾನರು. ಎರಡೂ ಬ್ರೇಕು ಬಿಗಿಯಾಗಿ ಹಿಡಿದುಕೊಂಡು, ಹಲ್ಲು ಕಚ್ಚಿಕೊಂಡು, ಮಗುವಿಗೆ ನಡೆಯಲು ಕಲಿಸುವ ಹಾಗೆ ಸೈಕಲ್ಲನ್ನು ಇಳಿಸಿಕೊಂಡು ಬರುತ್ತಿದ್ದರು.

ಮನೆಗೆ ಬಂದ ಮೇಲೆ ಬಾಯಿ ಬಿಟ್ಟರು. "ಏರು ಎಷ್ಟು ಬೇಕಾದ್ರೂ ಹತ್ತುತ್ತೀನಿ ಕಣೇ. ಇಳಿಯೋವಾಗ ಕೈ ತಾನಾಗೇ ಬ್ರೇಕ್ ಹಿಡ್ಕೊಂಡ್ಬಿಡುತ್ತೆ. ನಂಗೆ ಭಯ. ಯಾರಿಗೂ ಹೇಳ್ಬೇಡ."

ನಿಜ ಹೇಳುತ್ತೇನೆ, ನನಗೆ ಕಣ್ಣಲ್ಲಿ ನೀರು ಬಂತು. ಆ ಮನೆಯಲ್ಲಿ ಹೆದರುವವಳು ನಾನೊಬ್ಬಳೇ ಅಂತ ಅಷ್ಟು ದಿನ ಒಂಟಿಯಾಗಿದ್ದೆ. ಅಂದು ಮೊದಲ ಸಲ ಮದುವೆಯಾದ ಹಾಗೆ ಅನ್ನಿಸಿತು.

ಅಜ್ಜ ಮಾತ್ರ ನಾವು ಹೊರಡುವಾಗ ಇವರನ್ನು ತಡೆದು ವಿಚಾರಿಸಿದ್ದರು: "ಅಲ್ಲಾ ಕಣಪ್ಪಾ, ಇಳಿಜಾರ್‌ನಾಗೆ ಅಷ್ಟು ಕಷ್ಟಪಡೋ ಬದ್ಲು ಹೆಗಲ ಮ್ಯಾಲೆ ಹೊತ್ಕೊಂಡು ಬಂದಿದ್ರೆ ಬೇಗ ಬರ್ತಿದ್ದೆ."

೩. ಬ್ರೇಕ್ ರಬ್ಬರು

ನಮ್ಮ ರಸ್ತೆಯ ತುದಿಯ ಸೈಕಲ್ ಶಾಪಿನವರಿಗೆ ಈ ಗುಟ್ಟು ಯಾರೂ ಹೇಳಲಿಲ್ಲ. ಅವರೇ ಕಂಡುಹಿಡಿದರು. ಪ್ರತಿ ರೇಸು ಮುಗಿದ ಮಾರನೇ ದಿನ ಇವರು ಹೋಗಿ ಹೊಸ ಬ್ರೇಕ್ ರಬ್ಬರು ಹಾಕಿಸುತ್ತಿದ್ದರು. ಒಂದು ದಿನ ನಾನೂ ಜೊತೆಗಿದ್ದೆ. ಶಾಪಿನವರು ಸವೆದು ಚಕ್ಕೆಯಾಗಿದ್ದ ರಬ್ಬರನ್ನು ಬೆಳಕಿಗೆ ಹಿಡಿದು ನೋಡಿ, ನನ್ನ ಕಡೆ ತಿರುಗಿ, ಬಹಳ ಮರ್ಯಾದೆಯಿಂದ ಹೇಳಿದರು:

"ಅಮ್ಮಾ, ರೇಸಿಗೆ ಹೋಗೋರೆಲ್ಲ ನನ್ನ ಹತ್ರ ಟೈರ್ ತಗೊಳ್ತಾರೆ. ಸಾರ್ ಟೈರು ಮಾತ್ರ ಮದುವೆ ಗಂಡಿನ ಥರ ಹೊಸದಾಗೇ ಇದೆ."

೪. ಒಂದೇ ಮಂಗಳಾರತಿಗೆ ಎರಡು ಬೇಡಿಕೆ

ಗಣೇಶನ ಹಬ್ಬದ ರೇಸಿನಲ್ಲಿ ಇವರು ಏಳನೆಯವರಾಗಿ ಬಂದರು. ಅದರ ಹಿಂದಿನದರಲ್ಲಿ ಒಂಬತ್ತು. ದಸರೆಗೆ ಇನ್ನು ಕೆಲವೇ ವಾರ. ಇವರು ಊಟಕ್ಕೆ ಕೂತರೆ ಅನ್ನ ಕಲೆಸುತ್ತಲೇ ಇರುತ್ತಿದ್ದರು, ತಿನ್ನುತ್ತಿರಲಿಲ್ಲ. "ಪರ್ಮನೆಂಟ್ ಆಗ್ಲಿಲ್ಲ ಅಂದ್ರೆ ನಿಮ್ಮಪ್ಪಂಗೆ ಏನ್ ಮುಖ ತೋರಿಸ್ಲಿ?" ಎಂದು ಒಮ್ಮೆ ಕೇಳಿದರು.

ಬಸವೇಶ್ವರನಗರದ ಕಡೆ ಒಂದು ಆಂಜನೇಯನ ಗುಡಿಗೆ ಹೋಗತೊಡಗಿದೆ. ಧೈರ್ಯಕ್ಕೆ ಅವನೇ ತಾನೇ? ಮೊದಲನೇ ಶನಿವಾರ, "ಸ್ವಾಮಿ, ನಮ್ಮವರು ಇಳಿಜಾರಿನಲ್ಲಿ ಬ್ರೇಕ್ ಬಿಡೋ ಹಾಗೆ ಮಾಡು" ಅಂತ ಹರಕೆ ಹೊತ್ತೆ. ಮನೆಗೆ ಬಂದು ಮಲಗಿದರೆ ಕಣ್ಣ ಮುಂದೆ ಬರೀ ಇಳಿಜಾರು, ಇವರು ಉರುಳುವುದು. ಮುಂದಿನ ಶನಿವಾರ ಓಡಿ ಹೋಗಿ, "ಸ್ವಾಮಿ, ಹೋದ ವಾರದ್ದು ಬೇಡ, ಭದ್ರವಾಗಿ ಹಿಡ್ಕೊಂಡಿರೋ ಹಾಗೆ ಮಾಡು" ಎಂದೆ. ಅದರ ಮುಂದಿನ ವಾರ ಕೆಲಸದ ಯೋಚನೆ ಹತ್ತಿ ಮತ್ತೆ ಬಿಡಿಸು ಅಂದೆ. ನಾಲ್ಕನೇ ವಾರ ಎರಡನ್ನೂ ಒಟ್ಟಿಗೇ ಕೇಳಿದೆ. ವಾರವಾರವೂ ಗಟ್ಟಿಯಾಗಿಯೇ ಅಂದಿದ್ದೆ ಅಂತ ಕಾಣುತ್ತದೆ, ಅರ್ಚಕರು ಮಂಗಳಾರತಿ ತಟ್ಟೆ ಹಿಡಿದವರು ನಿಂತುಬಿಟ್ಟರು.

"ತಾಯಿ, ಇವತ್ತೊಂದು ಗಟ್ಟಿ ನಿರ್ಧಾರ ಹೇಳಿ ಹೋಗಿಬಿಡಿ. ನಾಲ್ಕು ವಾರದಿಂದ ಸ್ವಾಮಿ ಸಂಜೀವಿನಿ ಬೆಟ್ಟ ಎತ್ತೋದು, ಇಳಿಸೋದು ಮಾಡ್ತಾ ಇದ್ದಾನೆ" ಎಂದರು.

೫. ಆಯುಧಪೂಜೆಯ ಹೊಳಪು

ಫೈನಲ್ ಇದ್ದದ್ದು ವಿಜಯದಶಮಿಯ ದಿನ, ಕೆಂಗೇರಿಯ ಆಚೆ. ಅಂದರೆ ಹಿಂದಿನ ದಿನ ಆಯುಧಪೂಜೆ.

ಇವರು ಕಾರ್ಖಾನೆಯಲ್ಲಿ ಮಷೀನುಗಳ ಪೂಜೆಗೆ ಹೋಗಿದ್ದರು. ಮನೆಯ ಆಯುಧ ಅಂತ ನಮಗಿದ್ದದ್ದು ಸೈಕಲ್ಲು ಮತ್ತು ಈಳಿಗೆಮಣೆ. ನಮ್ಮೂರಲ್ಲಿ ಅಪ್ಪ ಆಯುಧಪೂಜೆಗೆ ನೇಗಿಲು, ಕುಡುಗೋಲು, ಗುದ್ದಲಿ ಎಲ್ಲವನ್ನೂ ತೊಳೆದು, ಎಣ್ಣೆ ಸವರಿ, ಆಮೇಲೆ ಅರಿಶಿನ ಕುಂಕುಮ ಇಡುತ್ತಿದ್ದ. ಎಣ್ಣೆ ಸವರದ ಕಬ್ಬಿಣಕ್ಕೆ ಪೂಜೆ ಉಂಟೇ? ನಾನೂ ಸೈಕಲ್ ತೊಳೆದೆ. ಕೊಬ್ಬರಿ ಎಣ್ಣೆ ಬಟ್ಟಲಿಗೆ ಬಗ್ಗಿಸಿಕೊಂಡೆ. ಚಕ್ರದ ರಿಮ್ಮುಗಳು ವರ್ಷವಿಡೀ ಬ್ರೇಕು ಉಜ್ಜಿ ಕಪ್ಪಾಗಿದ್ದವು. ಪಾಪ, ಇವರ ಹಾಗೆ ಅವೂ ಎಷ್ಟು ನೊಂದಿವೆ ಅನ್ನಿಸಿತು. ಒಳಗೂ ಹೊರಗೂ, ಸಂದಿಗೊಂದಿಯಲ್ಲೂ ಬೆರಳು ಹಾಕಿ, ಎರಡೂ ಚಕ್ರಕ್ಕೆ ಪ್ರೀತಿಯಿಂದ ಎಣ್ಣೆ ಉಜ್ಜಿದೆ. ಹೊಸದಾಗಿ ಹಾಕಿಸಿದ್ದ ಬ್ರೇಕ್ ರಬ್ಬರು ಒಣಗಿದ ಹಾಗೆ ಕಂಡಿತು, ಅದಕ್ಕೂ ಸವರಿದೆ. ಹ್ಯಾಂಡಲ್ಲಿಗೆ ಚೆಂಡು ಹೂವು ಕಟ್ಟಿ, ನಿಂಬೆಹಣ್ಣು ಇಟ್ಟು ಕೈ ಮುಗಿದೆ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಇವರು ಬಂದು ನೋಡಿ, "ಏನೇ ಇದು, ಶೋರೂಮ್‌ನಿಂದ ತಂದಂಗಿದೆ!" ಎಂದು ಬೆರಗಾದರು.

ಫೈನಲ್ ಅಂತ ಅಂದು ಸೈಕಲ್ಲನ್ನೂ ನಮ್ಮನ್ನೂ ಕಾರ್ಖಾನೆಯ ಲಾರಿಯಲ್ಲೇ ಕರೆದುಕೊಂಡು ಹೋದರು. ಹಾಗಾಗಿ ರೇಸಿಗೆ ಮುಂಚೆ ಇವರು ಅದನ್ನು ಓಡಿಸಲೇ ಇಲ್ಲ. ಮೊದಲರ್ಧ ಬರೀ ಏರು. ಏರಿನಲ್ಲಿ ಬ್ರೇಕ್ ಯಾರು ಹಿಡಿಯುತ್ತಾರೆ?

ನಾನು ಯಥಾಪ್ರಕಾರ ಇಳಿಜಾರಿನ ಕೆಳಗೆ, ಮುಗಿಯುವ ಗೆರೆಯ ಹತ್ತಿರ, ಕ್ಯಾರಿಯರ್ ಸಮೇತ. ಪಕ್ಕದಲ್ಲಿ ವೆಲ್‌ಫೇರ್ ಆಫೀಸರು. ದಿಣ್ಣೆಯ ತುದಿಯಲ್ಲಿ ಇವರು ಮೂರನೆಯವರಾಗಿ ಕಾಣಿಸಿಕೊಂಡರು. ಇನ್ನು ಗರ್‌ರ್ ಅಂತ ಸದ್ದು ಬರುತ್ತದೆ, ಹತ್ತು ಜನ ಮುಂದೆ ಹೋಗುತ್ತಾರೆ, ಕೆಲಸ ಹೋಗುತ್ತದೆ, ಗಂಡನಾದರೂ ಉಳಿಯುತ್ತಾನೆ ಎಂದು ಕಿವಿಗೊಟ್ಟು ಕಾದೆ.

ಸದ್ದೇ ಬರಲಿಲ್ಲ.

ಬ್ರೇಕಿನ ಸದ್ದಿಲ್ಲ ಅಂದರೆ ಇವರಿಲ್ಲ ಅಂತಲೇ ನನ್ನ ಲೆಕ್ಕ. ಬದಲಿಗೆ ಬೇರೆ ಸದ್ದು ಕೇಳಿಸಿತು. "ಆಆಆಆ" ಎಂಬ ಕೂಗು. ದೂರದಲ್ಲಿ ಸಣ್ಣಗೆ ಶುರುವಾಗಿ ದೊಡ್ಡದಾಗುತ್ತಾ ಬಂತು. ತಿರುವಿನಲ್ಲಿ ಇವರು ಕಾಣಿಸಿದರು. ಬಾಯಿ ಪೂರ್ತಿ ತೆರೆದಿತ್ತು, ಕಣ್ಣು ಪೂರ್ತಿ ಮುಚ್ಚಿತ್ತು, ಎರಡೂ ಕೈ ಬ್ರೇಕನ್ನು ಹಿಂಡುತ್ತಿದ್ದವು. ಮುಂದೆ ಹೋಗುತ್ತಿದ್ದವನು ತಿರುಗಿ ನೋಡಿ, ಹೆದರಿ, ಮರ್ಯಾದೆಯಾಗಿ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಇವರು ಗೆರೆ ದಾಟಿದರು, ಶಾಮಿಯಾನ ದಾಟಿದರು, ಬಹುಮಾನದ ಮೇಜು ದಾಟಿದರು, ಬದು ಹಾರಿ ಬೆಳೆದು ನಿಂತ ರಾಗಿ ಹೊಲದೊಳಗೆ ಹೋಗಿ ಕಾಣೆಯಾದರು.

ನಾನು ಕ್ಯಾರಿಯರ್ ಬಿಸಾಕಿ ಓಡಿದೆ. ಜೀವಮಾನದಲ್ಲಿ ಹಾಗೆ ಓಡಿರಲಿಲ್ಲ. ರಾಗಿಯ ಮಧ್ಯೆ ಇವರು ಕೂತಿದ್ದರು. ಮೈಮೇಲೆ ಮಣ್ಣು, ತಲೆಯ ಮೇಲೆ ಚೆಂಡು ಹೂವು. ಗಾಯ ಒಂದೂ ಇಲ್ಲ. "ರೀ..." ಅಂತ ಅಳುತ್ತಾ ಹಿಡಿದುಕೊಂಡೆ. ಇವರು ನಿಧಾನಕ್ಕೆ ಕೈ ಚಾಚಿ ರಿಮ್ಮಿನ ಮೇಲೆ ಬೆರಳು ಎಳೆದರು. ಮೂಗಿನ ಹತ್ತಿರ ತಂದು ಮೂಸಿದರು. ಆಮೇಲೆ ನನ್ನ ಜಡೆ ಹಿಡಿದು, ಅದನ್ನೂ ಮೂಸಿದರು.

ನನಗೆ ಆಗ ಅರ್ಥವಾಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಗಂಡನ ಬ್ರೇಕಿಗೆ ನನ್ನ ಕೈಯಾರೆ ಎಣ್ಣೆ ಹಚ್ಚಿ ಇಳಿಜಾರಿಗೆ ತಳ್ಳಿದ್ದೆ.

ಅಷ್ಟರಲ್ಲಿ ವೆಲ್‌ಫೇರ್ ಆಫೀಸರು ಪ್ಯಾಂಟು ಎತ್ತಿ ಹಿಡಿದುಕೊಂಡು ರಾಗಿ ದಾಟಿ ಬಂದರು. "ಸೆಕೆಂಡ್ ಪ್ಲೇಸ್ ಕಣಯ್ಯಾ! ಆಯ್ತು, ನೀನು ಪರ್ಮನೆಂಟು! ಅಲ್ಲಾ, ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ ಈ ಧೈರ್ಯನ? ಒಂದ್ಸಲ ಆದ್ರೂ ಬ್ರೇಕ್ ಬಿದ್ದಿದ್ ಕೇಳ್ಲಿಲ್ವಲ್ಲ!"

ಇವರು ನನ್ನ ಮುಖ ನೋಡಿದರು. ಎದ್ದು ಮಣ್ಣು ಕೊಡವಿಕೊಂಡರು.

"ಎಲ್ಲಾ ಇವಳ ಕೈಗುಣ ಸಾರ್. ಸೈಕಲ್‌ಗೆ ಪೂಜೆ ಇವಳೇ ಮಾಡಿದ್ದು."

ಆಫೀಸರಿಗೆ ಭಕ್ತಿಯೇ ಬಂದುಬಿಟ್ಟಿತು. ನನಗೆ ಕೈ ಮುಗಿದು, "ಅಮ್ಮಾ, ದೊಡ್ಡ ಮನಸ್ಸು ಮಾಡಿ, ನಾಳೆ ನಮ್ಮನೆಗೆ ಬಂದು ನನ್ನ ಸ್ಕೂಟರ್‌ಗೂ ನಿಮ್ಮ ಕೈಯಿಂದ ಒಂದು ಪೂಜೆ ಮಾಡ್ಕೊಡಿ" ಅಂದರು.

ನಾನು ಬಾಯಿ ತೆರೆಯುವ ಮುಂಚೆ ಇವರು ನಮ್ಮಿಬ್ಬರ ನಡುವೆ ಬಂದು ಅಡ್ಡ ನಿಂತರು.

"ಬೇಡ ಸಾರ್! ನೀವು ಆಗ್ಲೇ ಪರ್ಮನೆಂಟ್ ಆಗಿದೀರಲ್ಲಾ!"